ಅನುಮಾನ ಇದ್ದರೆ ಬ್ಯಾಟ್ಸ್‌ಮನ್‌ಗೆ

ಪ್ರೀತಿಯ ಸೀನ,

ಹೇಗಿದ್ದೀಯ ಮಾರಾಯ? ಮಸ್ಕತ್ತಿನ ಬಿಸಿಲು ಹೇಗಿದೆ? ಇಲ್ಲಿ ಶಿವಮೊಗ್ಗದಲ್ಲಿ ಮೇ ತಿಂಗಳು ಬೆನ್ನು ಸುಡುತ್ತಿದೆ. ಮಳೆ ಹಿಡಿಯುವುದರೊಳಗೆ ಮ್ಯಾಚುಗಳನ್ನೆಲ್ಲ ಮುಗಿಸಬೇಕು ಅಂತ ವಾರಕ್ಕೆ ನಾಲ್ಕು ದಿನ ಮೈದಾನದಲ್ಲೇ ಇದ್ದೇನೆ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಪತ್ರ. ಎಲ್ಲರೂ ಓದುವ ಹಾಗೆ ಹಾಕಿದ್ದೇನೆ ಅಂತ ಬೇಜಾರು ಮಾಡ್ಕೋಬೇಡ. ಈ ಒಂದೂವರೆ ವರ್ಷದಲ್ಲಿ ನನಗೆ ಬುದ್ಧಿ ಹೇಳಿದವರೂ ಬೆನ್ನು ತಟ್ಟಿದವರೂ ಇಲ್ಲೇ ಇದ್ದಾರೆ. ಎಲ್ಲರಿಗೂ ಒಂದೇ ಸಲ ಸುದ್ದಿ ಮುಟ್ಟಲಿ. ಆ ಕೆಂಪು ಟವೆಲ್ಲಿನ ವಿಷಯ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ಮೊದಲು ಒಳ್ಳೆ ಸುದ್ದಿ. ರಾಜ್ಯ ಕ್ರಿಕೆಟ್ ಸಂಸ್ಥೆಯ ಅಂಪೈರ್ ಪರೀಕ್ಷೆ ಪಾಸಾಯಿತು. ಎರಡನೇ ಸಲಕ್ಕೆ. ಈಗ ಹುಡುಗರ ಮ್ಯಾಚು, ಲೀಗ್ ಮ್ಯಾಚು ಸಿಗುತ್ತಿವೆ. ಸಂಜೆ ಎರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಎರಡೂ ಸೇರಿದರೆ ಮನೆ ನಡೆಯುತ್ತೆ, ಉಳಿಯುವುದಿಲ್ಲ.

ಒಂಬತ್ತು ವರ್ಷ ಮಾಡಿದ ಫೈನಾನ್ಸ್ ಕೆಲಸ ಬಿಟ್ಟಾಗ ಯಾರ್ಯಾರು ಏನೇನಂದರು ಅಂತ ನಿನಗೆ ಗೊತ್ತು. ಅತ್ತೆ ಕೇಳಿದ್ದು, "ಬಿಸಿಲಲ್ಲಿ ಕೈ ಎತ್ತಿ ನಿಲ್ಲೋಕೂ ಸಂಬಳ ಕೊಡ್ತಾರೇನೋ?" ಆಫೀಸಿನಲ್ಲಿ ಮೇಲಿದ್ದವರು ಹೇಳಿದ್ದು, "ಆಡೋಕೆ ಬರದವರು ಅಂಪೈರ್ ಆಗ್ತಾರೆ." ಉಳಿದವರೆಲ್ಲ ಹಿಡಿದದ್ದು ನನ್ನ ಕನ್ನಡಕವನ್ನು. ಮೈನಸ್ ಐದು ಪವರ್ ಇದೆ, ನಿಜ. ಆದರೆ ಕನ್ನಡಕ ಹಾಕಿದರೆ ನನ್ನ ದೃಷ್ಟಿ 6/6. ಡಾಕ್ಟರ ಚೀಟಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ. ಯಾರೂ ಕೇಳಿಲ್ಲ. ಅನುಮಾನ ಪಡುವವರಿಗೆ ಚೀಟಿ ಬೇಕಿರುವುದಿಲ್ಲ.

ಆಗ ನಾನು ಹಿಡಿದುಕೊಂಡಿದ್ದು ಫ್ರಾಂಕ್ ಚೆಸ್ಟರ್ ಅವರ ಕಥೆ. ಇಂಗ್ಲೆಂಡಿನವರು. ವೂಸ್ಟರ್‌ಶೈರ್ ತಂಡಕ್ಕೆ ಆಡುತ್ತಿದ್ದ ಹುಡುಗ. ಮೊದಲ ಮಹಾಯುದ್ಧಕ್ಕೆ ಹೋಗಿ ಬಲಗೈಯನ್ನು ಮೊಣಕೈ ಕೆಳಗೆ ಕಳೆದುಕೊಂಡರು. ಆಟ ಅಲ್ಲಿಗೆ ಮುಗಿಯಿತು. ಅವರು ಅಂಪೈರ್ ಆದರು. 1924ರಿಂದ 1955ರವರೆಗೆ 48 ಟೆಸ್ಟುಗಳಲ್ಲಿ ನಿಂತರು. ಬಾಲ್ ಎಣಿಸಲು ಅಮ್ಮನ ತೋಟದಿಂದ ಆರಿಸಿಕೊಂಡ ಆರು ಬೆಣಚುಕಲ್ಲು ಇಟ್ಟುಕೊಳ್ಳುತ್ತಿದ್ದರಂತೆ. ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಆಗ ವರ್ಷದ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಏನೂ ಮಾತಾಡಲಿಲ್ಲ. ಬೀಜದ ರಾಶಿಗೆ ಕೈ ಹಾಕಿ, ಒಂದೇ ಅಳತೆಯ ಆರು ಬೀಜ ಹುಡುಕಿ, ಸೆರಗಿನಲ್ಲಿ ಒರೆಸಿ ನನ್ನ ಅಂಗೈಗೆ ಹಾಕಿದಳು.

ಅಂಗಡಿಯಲ್ಲಿ ಎಣಿಸುವ ಕೌಂಟರ್ ಸಿಗುತ್ತೆ. ನನ್ನ ಹತ್ತಿರವೂ ಒಂದಿದೆ. ಆದರೂ ಈ ಬೀಜಗಳನ್ನೇ ಒಯ್ಯುತ್ತೇನೆ. ಪ್ರತಿ ಬಾಲಿಗೆ ಒಂದು ಬೀಜ ಎಡ ಜೇಬಿನಿಂದ ಬಲ ಜೇಬಿಗೆ. ತಿಂಗಳುಗಟ್ಟಲೆ ಬೆರಳಾಡಿಸಿ ಅವು ಈಗ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತವೆ. ಒಂದರ ಅಂಚು ಸ್ವಲ್ಪ ಮುಕ್ಕಾಗಿದೆ. ಓವರಿನ ಕೊನೆಯ ಬಾಲಿಗೆ ಅದನ್ನೇ ಉಳಿಸಿಕೊಳ್ಳುತ್ತೇನೆ. ಬೆರಳಿಗೆ ಮುಕ್ಕು ತಗುಲಿದರೆ ಓವರ್ ಮುಗಿಯಿತು ಅಂತ ನೋಡದೆಯೇ ಗೊತ್ತಾಗುತ್ತೆ.

ಇನ್ನೂ ಮುಂದೆ ಹೋಗಬೇಕು ಅಂತ ಆಸೆ ಇದೆ. ಕಷ್ಟ ಎಷ್ಟು ಅಂತಲೂ ಗೊತ್ತಿದೆ. 2022ರಲ್ಲಿ ಬಿಸಿಸಿಐ ಅಹಮದಾಬಾದಿನಲ್ಲಿ ನಡೆಸಿದ ಪರೀಕ್ಷೆಗೆ 140 ಜನ ಕೂತಿದ್ದರು. ಪಾಸಾದವರು 3. ಅದರಲ್ಲೊಂದು ಪ್ರಶ್ನೆ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಪೆವಿಲಿಯನ್ನಿನದೋ ಮರದ್ದೋ ಫೀಲ್ಡರನದೋ ನೆರಳು ಪಿಚ್ ಮೇಲೆ ಬೀಳುತ್ತಿದೆ ಅಂತ ಬ್ಯಾಟ್ಸ್‌ಮನ್ ದೂರಿದರೆ ಏನು ಮಾಡುತ್ತೀರಿ? ಉತ್ತರ ಇಷ್ಟು. ಮರಕ್ಕೂ ಕಟ್ಟಡಕ್ಕೂ ಏನೂ ಮಾಡಬೇಕಿಲ್ಲ. ಫೀಲ್ಡರನಿಗೆ ಅಲುಗಾಡದೆ ನಿಲ್ಲಲು ಹೇಳಬೇಕು. ಅಲುಗಾಡಿದರೆ ಡೆಡ್ ಬಾಲ್, ಅಂದರೆ ಆ ಬಾಲ್ ಲೆಕ್ಕಕ್ಕಿಲ್ಲ. ಇದು ನನಗೆ ಬಾಯಿಪಾಠ. ಯಾಕೆ ಹೇಳಿದೆ ಅಂದರೆ, ಮುಂದೆ ಬರುತ್ತೆ.

ಜನನಿ ನಾರಾಯಣನ್, ವೃಂದಾ ರಾಠಿ, ಗಾಯತ್ರಿ ವೇಣುಗೋಪಾಲನ್. ಈ ಮೂವರ ಹೆಸರು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ. 2023ರ ಜನವರಿಯಲ್ಲಿ ರಣಜಿ ಮ್ಯಾಚುಗಳಲ್ಲಿ ಅಂಪೈರ್ ಆಗಿ ನಿಂತ ಮೊದಲ ಹೆಂಗಸರು. ಜನನಿ ಚೆನ್ನೈಯವರು, ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು. ವೃಂದಾ ಮುಂಬೈ ಮೈದಾನಗಳಲ್ಲಿ ಸ್ಕೋರ್ ಬರೆಯುತ್ತಿದ್ದವರು. ಅವರು ಕೇಳಿಸಿಕೊಂಡಿರಬಹುದಾದ ಮಾತಿನ ಮುಂದೆ ನನ್ನ ಕನ್ನಡಕ ಎಷ್ಟರದು, ಅಲ್ವಾ?

ಇಲ್ಲಿವರೆಗೆ ಬರೆದದ್ದು ಎಲ್ಲರಿಗೂ. ಇಲ್ಲಿಂದ ಮುಂದಿನದು ನಿನಗೆ.

ಮೂರು ವಾರದ ಹಿಂದೆ ಒಂದು ಮ್ಯಾಚು. ಹದಿನಾರರ ಒಳಗಿನ ಹುಡುಗರು. ಯಾವ ಮೈದಾನ, ಯಾವ ತಂಡ ಬೇಡ. ಮ್ಯಾಟಿನ ಪಿಚ್. ಒಂಬತ್ತನೇ ಓವರಿನಲ್ಲಿ ಒಂದು ಎಲ್‌ಬಿಡಬ್ಲ್ಯೂ ಅಪೀಲ್ ಬಂತು, ಸ್ಟಂಪಿಗೆ ಹೋಗುತ್ತಿದ್ದ ಬಾಲಿಗೆ ಕಾಲು ಅಡ್ಡ ಬಂತು ಅಂತ. ಬಾಲ್ ಲೆಗ್ ಸ್ಟಂಪಿನ ಹೊರಗೆ ಬಿದ್ದಿತ್ತು. ಹಾಗೆ ಬಿದ್ದರೆ ಔಟಿಲ್ಲ, ಅದರಲ್ಲಿ ಎರಡು ಮಾತಿಲ್ಲ. ನಾನು ಕೊಡಲಿಲ್ಲ. ಬೌಂಡರಿ ಹತ್ತಿರ ನಿಂತಿದ್ದ ಹಿರಿಯರೊಬ್ಬರು, ಹಿಂದೆ ಚೆನ್ನಾಗಿ ಆಡಿದವರೇ, ನನಗೆ ಕೇಳಲಿ ಅಂತಲೇ ಕೂಗಿದರು. "ಈ ಕನ್ನಡಕದವನಿಗೆ ಏನ್ ಕಾಣತ್ರೀ? ಯಾರ್ ಕಳಿಸಿದ್ದು ಇವನ್ನ?" ಹುಡುಗರು ನಕ್ಕರು. ವಿಕೆಟ್ ಕೀಪರ್ ಗ್ಲೌಸ್ ಅಡ್ಡ ಇಟ್ಟುಕೊಂಡು ನಕ್ಕ.

ಆ ನಿರ್ಧಾರ ಸರಿಯಾಗಿತ್ತು ಸೀನ. ಇವತ್ತಿಗೂ ಹೇಳುತ್ತೇನೆ.

ಇಪ್ಪತ್ತೊಂದನೇ ಓವರ್. ಬ್ಯಾಟ್ ಮಾಡುತ್ತಿದ್ದದ್ದು ಸಣ್ಣ ಮೈಯ ಹುಡುಗ. ಮೂವತ್ತೆಂಟು ಹೊಡೆದಿದ್ದ. ಚೆಂದ ಆಡುತ್ತಿದ್ದ. ಬಾಲ್ ತಡವಾಗಿ ಬಿಟ್ಟು ಸ್ಲಿಪ್ ಪಕ್ಕ ತಳ್ಳುವುದು ನೋಡಿದರೆ ನಿನಗೆ ಅಪ್ಪ ಹೇಳುವ ಭದ್ರಾವತಿಯ ವಿಶ್ವನಾಥ್ ಕಥೆಯೆಲ್ಲ ನೆನಪಾಗುತ್ತಿತ್ತು. ಬಾಲ್ ಒಳಗೆ ಬಂತು. ಹುಡುಗ ಮುಂದೆ ಕಾಲಿಟ್ಟ. ಚಟ್ ಅಂತ ಸದ್ದು. ಕೀಪರ್ ಹಿಡಿದ. ಬ್ಯಾಟಿಗೆ ತಾಗಿದ್ದರೆ ಕ್ಯಾಚ್ ಔಟ್. ಹನ್ನೊಂದು ಜನ ಒಟ್ಟಿಗೆ ಕೂಗಿದರು.

ಆ ಸದ್ದು ಬ್ಯಾಟಿನದೋ ಪ್ಯಾಡಿನದೋ ನನಗೆ ಗೊತ್ತಾಗಿರಲಿಲ್ಲ.

ಗೊತ್ತಾಗದಿದ್ದರೆ ಏನು ಮಾಡಬೇಕು ಅಂತ ಗಲ್ಲಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಅನುಮಾನ ಇದ್ದರೆ ಬ್ಯಾಟ್ಸ್‌ಮನ್‌ಗೆ. ನನಗೆ ಕಲಿಸಿದ ಹಿರಿಯ ಅಂಪೈರ್ ಇದರ ಜೊತೆ ಇನ್ನೊಂದು ಹೇಳಿಕೊಟ್ಟಿದ್ದರು: ಅಪೀಲ್ ಬಂದ ತಕ್ಷಣ ಒಂದು ಉಸಿರು ತಗೋ, ಆದದ್ದನ್ನೆಲ್ಲ ಕಣ್ಣೊಳಗೆ ಇನ್ನೊಂದು ಸಲ ನೋಡು, ಆಮೇಲೆ ಕೈ ಎತ್ತು. ನಾವಿಬ್ಬರೂ ನಿಮ್ಮ ಮನೆ ಟಿವಿ ಮುಂದೆ ಅಂಪೈರ್ ಸ್ಟೀವ್ ಬಕ್ನರ್ ಅವರನ್ನು ಎಷ್ಟು ಬೈದಿದ್ದೇವೆ! ಕೈ ಎತ್ತಲು ಎಷ್ಟು ಹೊತ್ತು ಅಂತ. 128 ಟೆಸ್ಟ್, ಐದು ವಿಶ್ವಕಪ್ ಫೈನಲ್ ನಿಂತವರು ಅವರು. ಅವರಿಂದಲೂ ತಪ್ಪುಗಳಾಗಿವೆ, ನಾವು ಮರೆತಿಲ್ಲ. ಆದರೆ ಆ ನಿಧಾನ ಯಾಕೆ ಅಂತ ನನಗೆ ಈಗ ಅರ್ಥವಾಗುತ್ತಿದೆ.

ನಾನು ಆ ಒಂದು ಉಸಿರು ತಗೊಳ್ಳಲಿಲ್ಲ. ಕೂಗು ಮುಗಿಯುವ ಮೊದಲೇ ನನ್ನ ಬೆರಳು ಮೇಲಿತ್ತು.

ಹುಡುಗ ನನ್ನ ಕಡೆ ನೋಡಲೇ ಇಲ್ಲ. ಒಂದು ಸಲ ತನ್ನ ಪ್ಯಾಡ್ ನೋಡಿಕೊಂಡ. ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ಗ್ಲೌಸ್ ಬಿಚ್ಚುತ್ತಾ ಹೊರಟ. ನೀರಿಗೆ ನಿಲ್ಲಿಸಿದಾಗ ನಾನು ಆ ಕಡೆ ಹೋದೆ. ಅವನು ಮರದ ಬುಡದಲ್ಲಿ ಕೂತಿದ್ದ. ಪ್ಯಾಡ್ ಇನ್ನೂ ಬಿಚ್ಚಿರಲಿಲ್ಲ. ಎಡಗಾಲಿನ ಪ್ಯಾಡಿನಲ್ಲಿ, ಮಂಡಿಗಿಂತ ಮೇಲೆ, ಅಂಚಿಗೆ, ಹೆಬ್ಬೆಟ್ಟಿನ ಉಗುರಿನಷ್ಟು ಕೆಂಪು ಗುರುತು. ಹೊಸದು. ಅವನು ಅದನ್ನು ಬೆರಳಿನಿಂದ ಉಜ್ಜುತ್ತಿದ್ದ. ಒರೆಸಲು ನೋಡುತ್ತಿದ್ದನೋ ಸುಮ್ನೆ ಮುಟ್ಟುತ್ತಿದ್ದನೋ ಗೊತ್ತಿಲ್ಲ.

ನಿರ್ಧಾರ ತಪ್ಪು ಅನ್ನಿಸಿದರೆ ಅಂಪೈರ್ ತಕ್ಷಣ ಬದಲಿಸಬಹುದು ಅಂತ ನಿಯಮದಲ್ಲೇ ಇದೆ. ಆ ತಕ್ಷಣ ಅನ್ನುವುದು ಆಗಲೇ ದಾಟಿ ಹೋಗಿತ್ತು.

ತಪ್ಪು ಎಲ್ಲರಿಂದಲೂ ಆಗುತ್ತೆ ಅಂತ ನೀನು ಹೇಳುತ್ತೀಯ. ಹೌದು. ಕಣ್ಣು ತಪ್ಪಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನ್ನ ಕಣ್ಣೂ ಕಿವಿಯೂ ಸರಿಯಾಗೇ ಇದ್ದವು. "ಗೊತ್ತಿಲ್ಲ" ಅಂತ ಎರಡೂ ಸರಿಯಾಗೇ ಹೇಳಿದವು. ನಾನು ಕೇಳಲಿಲ್ಲ. ಒಂಬತ್ತನೇ ಓವರಿನಿಂದ ಆ ಕೂಗು ನನ್ನ ಬೆನ್ನ ಹಿಂದೆಯೇ ಇತ್ತು. ತಡ ಮಾಡಿದರೆ "ನೋಡಿ, ಇವನಿಗೆ ಕಾಣಲ್ಲ" ಅನ್ನುತ್ತಾರೆ ಅಂತ ಬೆರಳು ಓಡಿತು. ಅವರಿಗೆ ಉತ್ತರ ಕೊಡಲು ಹೋಗಿ ಆ ಹುಡುಗನನ್ನು ಔಟ್ ಮಾಡಿದೆ ಕಣೋ. ಅಲುಗಾಡುವ ನೆರಳು ಪಿಚ್ ಮೇಲೆ ಬಿದ್ದಿತ್ತು. ನಾನು ಡೆಡ್ ಬಾಲ್ ಅನ್ನಲಿಲ್ಲ.

ಇಷ್ಟೇ ಬರೆಯಬೇಕು ಅಂತ ಕೂತಿದ್ದೆ. ಆದರೆ ಇನ್ನೊಂದಿದೆ.

ಮ್ಯಾಚು ಮುಗಿದ ಮೇಲೆ ಅವನಿಗೆ ಹೇಳಬೇಕು ಅಂತಲೇ ಹೋದೆ. ಅವನ ಅಪ್ಪ ಬೈಕಿಗೆ ಕಿಟ್ ಬ್ಯಾಗನ್ನು ಹಗ್ಗದಿಂದ ಕಟ್ಟುತ್ತಿದ್ದರು. ಹೊಸನಗರದ ಕಡೆಯವರು. ಬೆಳಗಿನ ಜಾವ ಎದ್ದು ಬಂದಿದ್ದಾರೆ. ಅಡಿಕೆ ತೋಟದ ಕೆಲಸ ಬಿಟ್ಟು ಮಗನನ್ನು ಕರಕೊಂಡು ಓಡಾಡುತ್ತಿದ್ದಾರೆ. ನಾನು ಕೇಳದೆಯೇ ಹೇಳಿದರು, "ಊರಲ್ಲಿ ಎಲ್ರೂ ಬೈತಾರೆ ಸರ್, ಇಷ್ಟು ಸಣ್ಣ ಹುಡುಗನಿಗೆ ಕ್ರಿಕೆಟ್ ಯಾಕೆ ಅಂತ. ಇವನಿಗೆ ಆಸೆ, ಏನು ಮಾಡೋದು." ಹುಡುಗ ನೆಲ ನೋಡುತ್ತಾ ನಿಂತಿದ್ದ. ನಾನು ಬಾಯಿ ತೆರೆದೆ. "ಚೆನ್ನಾಗಿ ಆಡಿದೆ ಮರಿ" ಅಂದೆ. ಅವನು "ಥ್ಯಾಂಕ್ಯೂ ಸರ್" ಅಂದ. ಅಷ್ಟೇ. ಉಳಿದದ್ದನ್ನು ಹೇಳಲಿಲ್ಲ. ಹೇಳಿದರೆ ಆ ಅಪ್ಪನ ಮುಖದಲ್ಲೂ ಅದೇ ಮಾತು ಬರುತ್ತೆ ಅಂತ ಹೆದರಿದೆ. ಯಾರು ಕಳಿಸಿದ್ದು ಇವನನ್ನ, ಅಂತ.

ಹೋದ ವಾರ ತಂಡದ ಪಟ್ಟಿ ಬಂತು. ಎರಡು ಸಲ ಓದಿದೆ. ಅವನ ಹೆಸರು ಇರಲಿಲ್ಲ. ಆ ಒಂದು ಔಟಿನಿಂದಲೇ ಹಾಗಾಯಿತು ಅಂತಲ್ಲ. ಬೇರೆ ಮ್ಯಾಚುಗಳೂ ಇದ್ದವು. ಆದರೂ ರಾತ್ರಿ ನಿದ್ದೆ ಬರುವುದಿಲ್ಲ.

ಅಪ್ಪನಿಗೆ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ಅಂದರೆ ಏನು ಅಂತ ನಿನಗೆ ಗೊತ್ತಲ್ಲ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದವರು ಅಂತ ಶುರು ಮಾಡಿದರೆ ಊಟ ತಣ್ಣಗಾಗುತ್ತಿತ್ತು. 1980, ಮುಂಬೈಯ ಜುಬಿಲಿ ಟೆಸ್ಟ್. ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅಂಪೈರ್ ಕ್ಯಾಚ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ನಾಯಕ ವಿಶ್ವನಾಥ್ ಅಪೀಲ್ ವಾಪಸ್ ತಗೊಂಡು ಅವರನ್ನು ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ. ಭಾರತ 10 ವಿಕೆಟ್‌ನಿಂದ ಸೋತಿತು. ಈ ಕಥೆಯನ್ನು ನೂರು ಸಲ ಕೇಳಿದ್ದೇವೆ. ಮೊನ್ನೆ ರಾತ್ರಿ ಅಪ್ಪನನ್ನು ಕೇಳಿದೆ, "ಆ ಅಂಪೈರ್‌ಗೆ ಹೇಗನ್ನಿಸಿರಬಹುದು?" ಅಪ್ಪ ತುಂಬಾ ಹೊತ್ತು ಯೋಚಿಸಿದರು. "ಮರುದಿನ ಬೆಳಗ್ಗೆ ಮತ್ತೆ ಹೋಗಿ ನಿಂತಿರಬೇಕಲ್ಲ" ಅಂದರು. ಆಮೇಲೆ ನನ್ನ ಮುಖ ನೋಡಿ, "ಏನಾಯ್ತೋ?" ಅಂದರು. ಎಲ್ಲಾ ಹೇಳಿದೆ. ಕೆಲಸ ಬಿಟ್ಟ ದಿನ ಒಂದು ಮಾತೂ ಆಡದಿದ್ದ ಅಪ್ಪ, ಎದ್ದು ಹೋಗಿ ನನ್ನ ಬೂಟಿಗೆ ಬಿಳಿ ಪಾಲಿಶ್ ಹಚ್ಚುತ್ತಾ ಕೂತರು.

ಈ ಪತ್ರ ಆ ಹುಡುಗನ ಮನೆಯವರ ಕಣ್ಣಿಗೆ ಬಿದ್ದರೂ ಬೀಳಲಿ. ಬೀಳದಿದ್ದರೆ ಮಳೆ ಕಡಿಮೆಯಾದ ಮೇಲೆ ನಾನೇ ಹೊಸನಗರದ ಬಸ್ ಹತ್ತುತ್ತೇನೆ. ಅಂಪೈರಿಂಗ್ ಬಿಡುವುದಿಲ್ಲ. ಯಾರು ಏನಂದರೂ ಇದೇ ನನ್ನ ಕೆಲಸ. ಆ ಒಂದು ಉಸಿರನ್ನು ಮಾತ್ರ ಇನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಸಾಕು, ಜಾಸ್ತಿ ಬರೆದೆ. ನೀನು ಓದುತ್ತಾ ಮುಖ ಸಣ್ಣಗೆ ಮಾಡ್ಕೊಂಡು ಕೂತಿರುತ್ತೀಯ. ಹಾಗೆ ಕೂರಬೇಡ. ಅಮ್ಮ ಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ. ನಿನ್ನ ಪಾಲು ಬೇರೆ ಜಾಡಿಯಲ್ಲಿದೆ. ದೀಪಾವಳಿಗೆ ಬಾ. ಹಳೇ ಹೈಸ್ಕೂಲ್ ಮೈದಾನಕ್ಕೆ ಹೋಗೋಣ. ಬೌಲಿಂಗ್ ನೀನು ಮಾಡು, ನಾನು ನಿಲ್ಲುತ್ತೇನೆ. ಹತ್ತನೇ ಕ್ಲಾಸಿನ ಆ ಮ್ಯಾಚಿನಲ್ಲಿ ನಿನ್ನ ಕಾಲು ಗೆರೆ ದಾಟಿತ್ತೋ ಇಲ್ಲವೋ ಅಂತ ಹದಿನೆಂಟು ವರ್ಷದಿಂದ ಜಗಳ ಆಡುತ್ತಿದ್ದೀಯಲ್ಲ.

ದಾಟಿತ್ತು ಕಣೋ. ಅದರಲ್ಲಿ ನನಗೆ ಒಂಚೂರೂ ಅನುಮಾನ ಇಲ್ಲ.

ನಿನ್ನ,
ಪುಟ್ಟ