ನೀಹಾರಿಕೆಯ ಚಿತ್ರದ ಕೆಳಗೆ ಬಣ್ಣದ ವಿವರವೂ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಹವ್ಯಾಸಿ ಛಾಯಾಗ್ರಾಹಕರೊಬ್ಬರು ತೆಗೆದ ರೋಸೆಟ್ ನೀಹಾರಿಕೆಯ (ನಕ್ಷತ್ರಗಳ ನಡುವಿನ ಅನಿಲ ಮತ್ತು ಧೂಳಿನ ಮೋಡ) ಚಿತ್ರ ಪ್ರಕಟವಾಗಿತ್ತು. ಅಂಚಿನ ಸುತ್ತ ಹೊಂಬಣ್ಣ, ನಡುವೆ ತಿಳಿನೀಲಿ ಇದ್ದ ಆ ಚಿತ್ರವನ್ನು ಕುರಿತು ಓದುಗರ ಪತ್ರಗಳ ಅಂಕಣದಲ್ಲಿ ಎರಡು ಅಭಿಪ್ರಾಯಗಳು ಬಂದವು. ಆಕಾಶದಲ್ಲಿ ಇಂಥ ಬಣ್ಣವೇ ಇಲ್ಲ, ಇದೆಲ್ಲ ಕಂಪ್ಯೂಟರಿನಲ್ಲಿ ಬಳಿದದ್ದು ಎಂಬುದು ಒಂದು. ದೊಡ್ಡ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ನೀಹಾರಿಕೆ ಹೀಗೆಯೇ ಕಾಣುತ್ತದೆ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಆದರೆ ಅದಕ್ಕಾಗಿ ಓದುಗರನ್ನು ದೂರುವಂತಿಲ್ಲ. ಚಿತ್ರದ ಅಡಿಯಲ್ಲಿ ನೀಹಾರಿಕೆಯ ಹೆಸರು ಮತ್ತು ಛಾಯಾಗ್ರಾಹಕರ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಇದೇ ಹವ್ಯಾಸದಲ್ಲಿ ತೊಡಗಿರುವವನಾಗಿ, ಅಲ್ಲಿ ಇರಬೇಕಾಗಿದ್ದ ಇನ್ನೊಂದು ಸಾಲಿನ ಬಗ್ಗೆ ತಮ್ಮ ಗಮನ ಸೆಳೆಯಬಯಸುತ್ತೇನೆ.

ಮೊದಲು ಕಣ್ಣಿನ ಮಾತು. ಚಳಿಗಾಲದ ರಾತ್ರಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ ಮಸುಕಾಗಿ ಕಾಣುವ ನೀಹಾರಿಕೆ, ಅಂದರೆ ಮಸುಕಾದ ಆಕಾಶಕಾಯಗಳ ಮೆಸಿಯೇ ಪಟ್ಟಿಯ 42ನೆಯದು, ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿದೆ. ಅದನ್ನು ಸಾಧಾರಣ ದೂರದರ್ಶಕದಲ್ಲಿ ನೋಡಿದವರಿಗೆ ಬೂದುಬಣ್ಣದ ಮೋಡ, ಹೆಚ್ಚೆಂದರೆ ತುಸು ಹಸಿರು ಛಾಯೆ ಕಾಣುತ್ತದೆ. ಅದೇ ನೀಹಾರಿಕೆ ಛಾಯಾಚಿತ್ರದಲ್ಲಿ ಕೆಂಪಾಗಿರುತ್ತದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ದಂಡಕೋಶಗಳಿಗೆ ಬಣ್ಣಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಅವು ಹೆಚ್ಚು ಸ್ಪಂದಿಸುವುದು 500 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹಸಿರು ಬೆಳಕಿಗೆ. ನೀಹಾರಿಕೆಯ ಜಲಜನಕ ಸೂಸುವ 656.3 ನ್ಯಾನೋಮೀಟರಿನ ಕಡುಗೆಂಪು ಅವುಗಳ ಪಾಲಿಗೆ ಇಲ್ಲವೆಂದೇ ಹೇಳಬೇಕು. ಹೀಗಾಗಿ ಕಣ್ಣಿಗೆ ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ಬಣ್ಣವೇ ಇಲ್ಲವೆಂದು ತೀರ್ಮಾನಿಸುವುದು ತಪ್ಪು. ದೂರದರ್ಶಕ ಎಷ್ಟೇ ದೊಡ್ಡದಾದರೂ ಹರಡಿಕೊಂಡ ನೀಹಾರಿಕೆಯ ಮೇಲ್ಮೈಯ ಪ್ರಕಾಶವನ್ನು ಅದು ಹೆಚ್ಚಿಸಲಾರದು. ಆಕೃತಿ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಆದ್ದರಿಂದ ಎರಡನೆಯ ಪತ್ರದ ಮಾತೂ ನಿಲ್ಲುವುದಿಲ್ಲ.

ಈ ಬಣ್ಣಗಳು ಪರಮಾಣುಗಳಿಗೆ ಸೇರಿದವು ಎಂಬುದು ಛಾಯಾಗ್ರಾಹಕರು ಕಂಡುಕೊಂಡ ಸಂಗತಿಯಲ್ಲ. 1864ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹಗಿನ್ಸ್ ಲಂಡನ್ನಿನ ತಮ್ಮ ಖಾಸಗಿ ವೀಕ್ಷಣಾಲಯದಿಂದ ಕ್ಯಾಟ್ಸ್ ಐ ನೀಹಾರಿಕೆಯ ಬೆಳಕನ್ನು, ಅದರ ಬಣ್ಣಗಳನ್ನು ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡಿದಾಗ, ನಕ್ಷತ್ರಗಳಲ್ಲಿರುವಂತೆ ಉದ್ದಕ್ಕೂ ಹರಡಿದ ಕಾಮನಬಿಲ್ಲಿನ ಪಟ್ಟಿಯ ಬದಲು ಕೆಲವೇ ಪ್ರಕಾಶಮಾನ ಗೆರೆಗಳು ಕಂಡವು. ಅವುಗಳಲ್ಲಿ ಪ್ರಬಲವಾದ ಹಸಿರು ಗೆರೆ ಭೂಮಿಯಲ್ಲಿ ತಿಳಿದಿದ್ದ ಯಾವ ಮೂಲವಸ್ತುವಿಗೂ ಹೊಂದದಿದ್ದುದರಿಂದ ‘ನೆಬ್ಯುಲಿಯಂ’ ಎಂಬ ಹೊಸ ಮೂಲವಸ್ತುವನ್ನೇ ಕಲ್ಪಿಸಿಕೊಳ್ಳಲಾಯಿತು. 1927ರಲ್ಲಿ ಅಮೆರಿಕದ ಭೌತವಿಜ್ಞಾನಿ ಐರಾ ಬೊವೆನ್ ಆ ಗೆರೆ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ್ದೆಂದು ತೋರಿಸಿದರು. ಅತ್ಯಂತ ವಿರಳವಾದ ಅನಿಲದಲ್ಲಿ ಮಾತ್ರ ಹೊಮ್ಮಬಲ್ಲ ಆ ಬೆಳಕಿನ ತರಂಗಾಂತರ 500.7 ನ್ಯಾನೋಮೀಟರ್. ಕಣ್ಣಿಗೆ ಕಾಣುವ ತುಸು ಹಸಿರಿನ ಮೂಲವೂ ಇದೇ.

ಇನ್ನು ಕ್ಯಾಮೆರಾದ ವಿಷಯ. ಯಾವ ತಿದ್ದುಪಡಿಯೂ ಇಲ್ಲದ, ಕ್ಯಾಮೆರಾದಿಂದ ನೇರವಾಗಿ ಬಂದ ಚಿತ್ರವೇ ಪ್ರಾಮಾಣಿಕ ಚಿತ್ರವೆಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ಅಂಥ ಚಿತ್ರ ಬಣ್ಣದ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಸಾಮಾನ್ಯ ಬಣ್ಣದ ಸೆನ್ಸರಿನ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ ಮೀಸಲು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರ ಹೆಸರಿನಲ್ಲಿ 1976ರಲ್ಲಿ ಪೇಟೆಂಟ್ ಆದ ಈ ವಿನ್ಯಾಸ ಹಗಲಿನ ನೋಟಕ್ಕೆ ಒಪ್ಪುವಂಥದ್ದು. ಅದರ ಮುಂದೆ ಕೂರಿಸಿರುವ ಶೋಧಕವು (ಫಿಲ್ಟರ್) ಮನುಷ್ಯರ ಮೈಬಣ್ಣ ಸಹಜವಾಗಿ ಬರಲೆಂದು ಕಡುಗೆಂಪನ್ನು ಬಹುಪಾಲು ತಡೆಯುತ್ತದೆ. ನೀಹಾರಿಕೆಯ ಮುಖ್ಯ ಬೆಳಕು ತಡೆಗೆ ಸಿಕ್ಕುವುದು ಅಲ್ಲಿಯೇ. ಹೀಗಾಗಿಯೇ ಕ್ಯಾನನ್ ಕಂಪನಿ 2005ರಲ್ಲಿ 20ಡಿಎ ಎಂಬ ಕ್ಯಾಮೆರಾವನ್ನೂ ನಿಕಾನ್ ಕಂಪನಿ 2015ರಲ್ಲಿ ಡಿ810ಎ ಎಂಬುದನ್ನೂ ಖಗೋಳ ಛಾಯಾಗ್ರಹಣಕ್ಕೆಂದೇ ಹೊರತಂದವು. ಮಿಕ್ಕವರು ಶೋಧಕವನ್ನು ತೆಗೆಸಿ ಹಾಕುತ್ತಾರೆ, ಇಲ್ಲವೆ ಬಣ್ಣವನ್ನೇ ಗುರುತಿಸದ ಏಕವರ್ಣದ ಕ್ಯಾಮೆರಾ ಬಳಸಿ ಬೇರೆ ಬೇರೆ ಶೋಧಕಗಳ ಮೂಲಕ ತೆಗೆದ ಚಿತ್ರಗಳನ್ನು ಆಮೇಲೆ ಕೂಡಿಸುತ್ತಾರೆ.

ಆ ಕಚ್ಚಾ ಚಿತ್ರಗಳಲ್ಲಿ ನೀಹಾರಿಕೆಯ ಬೆಳಕಿನ ಜೊತೆಗೆ ಊರಿನ ಬೆಳಕೂ ಇರುತ್ತದೆ. ಸೋಡಿಯಂ ದೀಪಗಳ ಕಾಲದಲ್ಲಿ ಅದು 589 ನ್ಯಾನೋಮೀಟರಿನ ಸುತ್ತಲಿನ ಕಿತ್ತಳೆ ಬೆಳಕಾಗಿದ್ದರಿಂದ ಒಂದು ಶೋಧಕದಿಂದ ಸಾಕಷ್ಟು ತಡೆಯಬಹುದಾಗಿತ್ತು. ಈಗಿನ ಬಿಳಿ ಎಲ್‌ಇಡಿ ದೀಪಗಳ ಬೆಳಕು ನೀಲಿಯಿಂದ ಕೆಂಪಿನವರೆಗೂ ಹರಡಿರುವುದರಿಂದ ಆ ಉಪಾಯ ಹೆಚ್ಚು ನಡೆಯುವುದಿಲ್ಲ. (ಬೀದಿದೀಪಗಳಿಗೆ ಮೇಲಿನಿಂದ ಮರೆ ಕಟ್ಟಿದರೆ ವಿದ್ಯುತ್ತೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ. ಆ ವಿಷಯಕ್ಕೆ ಬೇರೆಯೇ ಪತ್ರ ಬೇಕು.) ಈ ಹಿನ್ನೆಲೆಯ ಬೆಳಕನ್ನು ಕಳೆದ ಮೇಲೆ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಯಾವ ಆಧಾರದ ಮೇಲೆ ಹೊಂದಿಸಬೇಕೆಂಬ ಪ್ರಶ್ನೆ ಏಳುತ್ತದೆ. ಹವ್ಯಾಸಿಗಳು ಇಲ್ಲಿ ತಮ್ಮ ಮನಸ್ಸಿಗೆ ಬಂದಂತೆ ನಡೆಯುತ್ತಾರೆ ಎಂಬ ಅಭಿಪ್ರಾಯಕ್ಕೆ ಆಧಾರವಿಲ್ಲ. ಚಿತ್ರದಲ್ಲಿ ನೀಹಾರಿಕೆಯ ಜೊತೆಗೆ ನೂರಾರು ನಕ್ಷತ್ರಗಳಿರುತ್ತವೆ, ಅವುಗಳ ಬಣ್ಣವನ್ನು ಖಗೋಳ ವಿಜ್ಞಾನಿಗಳು ಅಳೆದು ಪಟ್ಟಿ ಮಾಡಿದ್ದಾರೆ. ಯುರೋಪಿನ ಗಾಯಾ ಉಪಗ್ರಹ ಅಳೆದ ಕೋಟ್ಯಂತರ ನಕ್ಷತ್ರಗಳ ರೋಹಿತಗಳು, ಅಂದರೆ ಬಣ್ಣವಾರು ಬೆಳಕಿನ ಅಳತೆಗಳು, 2022ರ ಜೂನ್‌ನಲ್ಲಿ ಸಾರ್ವಜನಿಕರಿಗೆ ದೊರೆತವು. ಪಿಕ್ಸ್‌ಇನ್‌ಸೈಟ್‌ನಂಥ ತಂತ್ರಾಂಶವು ಚಿತ್ರದಲ್ಲಿರುವ ನಕ್ಷತ್ರಗಳನ್ನು ಗುರುತಿಸಿ, ಸೆನ್ಸರ್ ಮತ್ತು ಶೋಧಕಗಳ ಗುಣವನ್ನು ಲೆಕ್ಕಕ್ಕೆ ತೆಗೆದುಕೊಂಡು, ಅಳೆದ ಬಣ್ಣಕ್ಕೆ ಸರಿಹೊಂದುವಂತೆ ಇಡೀ ಚಿತ್ರವನ್ನು ಹೊಂದಿಸುತ್ತದೆ. ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿಯೂ ನಕ್ಷತ್ರಗಳನ್ನು ಆಧರಿಸಿದ ಹೊಂದಿಕೆಯ ಸೌಲಭ್ಯವಿದೆ. ಬಿಳುಪಿಗೆ ಮಾನದಂಡವಾಗಿ ಸೂರ್ಯನಂಥ ನಕ್ಷತ್ರವನ್ನು ಇಟ್ಟುಕೊಳ್ಳಬೇಕೋ ಸರಾಸರಿ ಸುರುಳಿ ಗ್ಯಾಲಕ್ಸಿಯನ್ನು ಇಟ್ಟುಕೊಳ್ಳಬೇಕೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ ನಿಜ, ಆದರೆ ಅದರಿಂದಾಗುವ ವ್ಯತ್ಯಾಸ ಅಲ್ಪ. ಓದುಗರು ತಾವೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ: ಮಹಾವ್ಯಾಧನ ಇಡೀ ಆಕೃತಿ ಇರುವ ಚಿತ್ರದಲ್ಲಿ ಆರ್ದ್ರಾ ನಕ್ಷತ್ರ ಕಿತ್ತಳೆಗೆಂಪಾಗಿಯೂ ರೀಗೆಲ್ ನೀಲಿಬಿಳುಪಾಗಿಯೂ ಇಲ್ಲದಿದ್ದರೆ ಆ ಚಿತ್ರದ ಉಳಿದ ಬಣ್ಣಗಳನ್ನು ನಂಬಬೇಕಾಗಿಲ್ಲ.

ಹೀಗೆ ಹೊಂದಿಸಿದ ಚಿತ್ರದಲ್ಲಿ ನೀಹಾರಿಕೆಗಳ ಸ್ವಭಾವ ತಾನೇ ತಾನಾಗಿ ಬಯಲಾಗುತ್ತದೆ. ಧನು ರಾಶಿಯ ಟ್ರಿಫಿಡ್ ನೀಹಾರಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಒಂದು ಭಾಗದಲ್ಲಿ ಬಿಸಿ ನಕ್ಷತ್ರದ ಅತಿನೇರಳೆ ಕಿರಣಗಳಿಂದ ಕೆರಳಿದ ಜಲಜನಕ ಕೆಂಪಾಗಿ ಹೊಳೆಯುತ್ತದೆ, ಪಕ್ಕದಲ್ಲಿಯೇ ಧೂಳಿನ ಕಣಗಳು ನಕ್ಷತ್ರದ ಬೆಳಕನ್ನು ಚದುರಿಸಿ ನೀಲಿಯಾಗಿ ಕಾಣುತ್ತವೆ, ನಡುವೆ ಹಾದುಹೋಗುವ ಕಪ್ಪು ಪಟ್ಟಿಗಳು ಹಿಂದಿನ ಬೆಳಕನ್ನು ಮರೆಮಾಡಿದ ಧೂಳು. ಇಲ್ಲಿ ಬಣ್ಣ ಅಲಂಕಾರವಲ್ಲ, ಭೌತಿಕ ಕ್ರಿಯೆಯ ಗುರುತು. ಬಣ್ಣ ಕೆಡುವುದೂ ಹೆಚ್ಚಾಗಿ ಈ ಹಂತದ ನಂತರವೇ. ಮಂದ ಭಾಗಗಳನ್ನು ಬೆಳಗಿಸಿ ಮೇಲೆತ್ತುವಾಗ ಪ್ರಕಾಶಮಾನ ಭಾಗಗಳ ಬಣ್ಣ ತೊಳೆದುಹೋಗುತ್ತದೆ, ಅದನ್ನು ಮರಳಿ ತರುವ ನೆಪದಲ್ಲಿ ವರ್ಣಸಾಂದ್ರತೆಯನ್ನು ಮಿತಿಮೀರಿ ಏರಿಸಲಾಗುತ್ತದೆ. ಹಸಿರು ಕಲೆಗಳನ್ನು ತೆಗೆಯುವ ಸಾಧನವನ್ನು ಕಣ್ಣುಮುಚ್ಚಿ ಬಳಸಿ ಮಹಾವ್ಯಾಧನ ನೀಹಾರಿಕೆಯ ನಡುಭಾಗದಲ್ಲಿ ನಿಜವಾಗಿಯೂ ಇರುವ ಆಮ್ಲಜನಕದ ಹಸಿರುನೀಲಿಯನ್ನು ಅಳಿಸಿಹಾಕಿದ ಚಿತ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬಹುಮಾನ ಬಂದವೂ ಅವುಗಳಲ್ಲಿವೆ.

ಈಗ ತಾವು ಪ್ರಕಟಿಸಿದ ಚಿತ್ರಕ್ಕೆ ಬರುತ್ತೇನೆ. ಅದು ಸಹಜ ಬಣ್ಣದ ಚಿತ್ರವಲ್ಲ. ರೋಸೆಟ್ ನೀಹಾರಿಕೆ ಸಹಜ ಬಣ್ಣದಲ್ಲಿ ಬಹುಪಾಲು ಕೆಂಪು. ಪ್ರಕಟವಾದದ್ದು ಕಿರಿದಾದ ತರಂಗಪಟ್ಟಿಯನ್ನು ಮಾತ್ರ ಬಿಡುವ ಮೂರು ಶೋಧಕಗಳಿಂದ ತೆಗೆದು, ಗಂಧಕದ ಬೆಳಕನ್ನು ಕೆಂಪಿಗೆ, ಜಲಜನಕದ್ದನ್ನು ಹಸಿರಿಗೆ, ಆಮ್ಲಜನಕದ್ದನ್ನು ನೀಲಿಗೆ ಇಟ್ಟು ಕೂಡಿಸಿದ ಚಿತ್ರವೆಂಬುದು ಬಲ್ಲವರಿಗೆ ನೋಡಿದೊಡನೆ ತಿಳಿಯುತ್ತದೆ. ಈ ಕ್ರಮ ಜಗತ್ತಿಗೆಲ್ಲ ಪರಿಚಯವಾದದ್ದು ಹಬಲ್ ದೂರದರ್ಶಕದಿಂದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ 1995ರಲ್ಲಿ ತೆಗೆದ ಈಗಲ್ ನೀಹಾರಿಕೆಯ ‘ಸೃಷ್ಟಿಯ ಸ್ತಂಭಗಳು’ ಚಿತ್ರದಿಂದ. ಅದಕ್ಕೆ ಕಾರಣವೂ ಇತ್ತು. ಗಂಧಕದ ಬೆಳಕು 671.6 ಮತ್ತು 673.1 ನ್ಯಾನೋಮೀಟರಿನದು, ಜಲಜನಕದ್ದು 656.3, ಸಹಜ ಬಣ್ಣದಲ್ಲಿ ಎರಡೂ ಕೆಂಪೇ, ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡಲಾಗದು. ಬೇರೆ ಬೇರೆ ಬಣ್ಣ ಕೊಟ್ಟಾಗ ಯಾವ ಅನಿಲ ಎಲ್ಲಿ ಹೊಳೆಯುತ್ತಿದೆ, ಅಯಾನೀಕರಣ (ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚುವುದು) ಎಲ್ಲಿ ತೀವ್ರವಾಗಿದೆ ಎಂಬುದು ಒಮ್ಮೆಗೇ ಕಾಣುತ್ತದೆ. ಹವಾಮಾನ ವರದಿಯ ಜೊತೆ ತಾವು ಮುದ್ರಿಸುವ ನಕ್ಷೆಯಲ್ಲಿ ಭಾರಿ ಮಳೆಯ ಜಿಲ್ಲೆಗಳಿಗೆ ಕೆಂಪು ಬಣ್ಣ ಹಚ್ಚಿದ್ದರೆ ಅಲ್ಲಿ ಕೆಂಪು ಮಳೆ ಸುರಿಯಿತೆಂದು ಯಾರೂ ತಿಳಿಯುವುದಿಲ್ಲ, ಏಕೆಂದರೆ ನಕ್ಷೆಯ ಮೂಲೆಯಲ್ಲಿ ಬಣ್ಣಗಳ ಸೂಚಿ ಇರುತ್ತದೆ. ಬೆಂಗಳೂರಿನಂಥ ನಗರದ ತಾರಸಿಯಿಂದ ಚಿತ್ರ ತೆಗೆಯುವವರಿಗೆ ಈ ಶೋಧಕಗಳು ಶೋಕಿಯಲ್ಲ, ನಗರದ ಬೆಳಕಿನ ಬಹುಭಾಗವನ್ನು ಹೊರಗಿಡಲು ಇರುವ ಮುಖ್ಯ ದಾರಿ. ಎಲ್ಲರೂ ಕಗ್ಗತ್ತಲ ಆಕಾಶವಿರುವ ಲಡಾಖಿನ ಹಾನ್ಲೆಗೆ ಹೋಗಿ ಬರಲು ಆಗುವುದಿಲ್ಲವಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಜಲಜನಕದ ಬೆಳಕು ಉಳಿದೆರಡಕ್ಕಿಂತ ಸಾಮಾನ್ಯವಾಗಿ ಬಹಳ ಪ್ರಬಲವಾಗಿರುವುದರಿಂದ, ಈ ಕ್ರಮವನ್ನು ಇದ್ದದ್ದು ಇದ್ದಂತೆ ಅನುಸರಿಸಿದರೆ ಇಡೀ ನೀಹಾರಿಕೆ ಹಸಿರಾಗಿ ಕಾಣುತ್ತದೆ. ನಾವು ಮೆಚ್ಚುವ ಹೊಂಬಣ್ಣ ಬರುವುದು ಗಂಧಕ ಮತ್ತು ಆಮ್ಲಜನಕದ ಮಂದ ಚಿತ್ರಗಳನ್ನು ಹೆಚ್ಚು ಮೇಲೆತ್ತಿ, ಹಸಿರನ್ನು ಹಳದಿಯ ಕಡೆಗೆ ಸರಿಸಿದ ಮೇಲೆ. ಅದರ ಪರಿಣಾಮವಾಗಿ ನಕ್ಷತ್ರಗಳೆಲ್ಲ ನೇರಳೆಗೆಂಪಾಗಿಬಿಡುತ್ತವೆ. ಆಗ ಅವುಗಳನ್ನು ತಂತ್ರಾಂಶದಿಂದ ತೆಗೆದು, ಸಾಮಾನ್ಯ ಶೋಧಕಗಳಿಂದ ಬೇರೆಯಾಗಿ ಚಿತ್ರಿಸಿದ ಸಹಜ ಬಣ್ಣದ ನಕ್ಷತ್ರಗಳನ್ನು ಕೂರಿಸುವುದು ಈಗ ಸರ್ವೇಸಾಮಾನ್ಯ. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ. ಒಂದು ನಿಯಮವನ್ನು ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಮನಾಗಿ ಅನ್ವಯಿಸಿ, ಆ ನಿಯಮ ಯಾವುದೆಂದು ಹೇಳಿದರೆ, ನೋಡುವವರು ಬಣ್ಣದಿಂದ ಹಿಂದಕ್ಕೆ ಅನಿಲದವರೆಗೆ ಲೆಕ್ಕ ಹಾಕಬಹುದು. ಒಂದು ಮೂಲೆಯಲ್ಲಿ ನೀಲಿ ಕಡಿಮೆಯಾಯಿತೆಂದು ಕುಂಚದಿಂದ ಅಷ್ಟಕ್ಕೆ ಮಾತ್ರ ನೀಲಿ ತುಂಬಿದವರ ಚಿತ್ರದಲ್ಲಿ ಆ ಲೆಕ್ಕ ಮುರಿದುಹೋಗುತ್ತದೆ. ನನ್ನ ಮಟ್ಟಿಗೆ ಸಂಸ್ಕರಣೆಗೂ ಚಿತ್ರಕಲೆಗೂ ನಡುವಿನ ಗೆರೆ ಇದು.

ವಿವರಣೆ ಕಳಚಿಹೋದರೆ ಏನಾಗುತ್ತದೆ ಎಂಬುದಕ್ಕೆ ನೆಪ್ಚೂನ್ ಗ್ರಹದ ಕಥೆ ಸಾಕ್ಷಿ. 1989ರಲ್ಲಿ ವಾಯೇಜರ್-2 ಗಗನನೌಕೆ ಕಳುಹಿಸಿದ ಚಿತ್ರಗಳನ್ನು ಅಲ್ಲಿನ ಮೋಡಗಳೂ ಪಟ್ಟಿಗಳೂ ಚೆನ್ನಾಗಿ ಕಾಣಲೆಂದು ಗಾಢಗೊಳಿಸಲಾಗಿತ್ತು. ವಿಜ್ಞಾನಿಗಳಿಗೆ ಇದು ಗೊತ್ತಿತ್ತು, ಆಗಿನ ಚಿತ್ರವಿವರಣೆಯಲ್ಲಿಯೂ ಹೇಳಲಾಗಿತ್ತು. ಚಿತ್ರ ಕೈಯಿಂದ ಕೈಗೆ ದಾಟುತ್ತ ಆ ಸಾಲು ಬಿಟ್ಟುಹೋಯಿತು, ಯುರೇನಸ್ ತಿಳಿಹಸಿರು ಮತ್ತು ನೆಪ್ಚೂನ್ ಕಡುನೀಲಿ ಎಂಬುದು ಪಠ್ಯಪುಸ್ತಕಗಳವರೆಗೂ ಹೋಯಿತು. ಎರಡೂ ಗ್ರಹಗಳ ನಿಜವಾದ ಬಣ್ಣ ಹೆಚ್ಚುಕಡಿಮೆ ಒಂದೇ ಬಗೆಯ ಹಸಿರುನೀಲಿ, ನೆಪ್ಚೂನ್ ತುಸುವೇ ಹೆಚ್ಚು ನೀಲಿ ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಇರ್ವಿನ್ ಮತ್ತು ಸಂಗಡಿಗರು 2024ರ ಜನವರಿಯಲ್ಲಿ ಮತ್ತೆ ಲೆಕ್ಕಹಾಕಿ ತೋರಿಸಬೇಕಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ನೀಹಾರಿಕೆಯ ಚಿತ್ರ ಪ್ರಕಟಿಸುವಾಗ ಕಳುಹಿಸಿದವರಿಂದ ಒಂದೇ ಒಂದು ಸಾಲನ್ನು ಕೇಳಿ ಪಡೆದು ಚಿತ್ರದ ಅಡಿಯಲ್ಲಿ ಮುದ್ರಿಸಿ. ‘ಸಹಜ ಬಣ್ಣ, ನಕ್ಷತ್ರಗಳ ಆಧಾರದ ಮೇಲೆ ಹೊಂದಿಸಿದ್ದು’ ಎಂದಾಗಲಿ, ‘ಗಂಧಕ ಕೆಂಪು, ಜಲಜನಕ ಹಸಿರು, ಆಮ್ಲಜನಕ ನೀಲಿ, ನಂತರ ಹಸಿರನ್ನು ಹಳದಿಗೆ ಸರಿಸಲಾಗಿದೆ’ ಎಂದಾಗಲಿ ಇದ್ದರೆ ಸಾಕು. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳನ್ನು ಹಾಕುವಾಗಲೂ, ಅವು ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನವು ಎಂದು ತಿಳಿಸುವುದು ಒಳ್ಳೆಯದು. ಜೊತೆಗೆ ಮುದ್ರಣ ವಿಭಾಗದವರಿಗೂ ಒಂದು ಮಾತು: ಪರದೆಯ ಮೇಲೆ ಕಾಣುವ ಕಡುಗೆಂಪು ಪತ್ರಿಕೆಯ ಕಾಗದದಲ್ಲಿ ನಾಲ್ಕು ಶಾಯಿಗಳಿಂದ ಪೂರ್ತಿ ಮೂಡಲಾರದು, ಮಂಕಾಗಿಯೇ ಬರುತ್ತದೆ. ಅದನ್ನು ಸರಿಪಡಿಸಲೆಂದು ಪುಟ ಕಟ್ಟುವವರು ಬಣ್ಣವನ್ನು ಮತ್ತಷ್ಟು ಏರಿಸಿದರೆ ಛಾಯಾಗ್ರಾಹಕರು ಕೊಟ್ಟ ವಿವರಣೆಗೂ ಚಿತ್ರಕ್ಕೂ ಸಂಬಂಧ ತಪ್ಪುತ್ತದೆ. ಚಿತ್ರ ತುಸು ಮಂಕಾಗಿ ಬಂದರೂ ಅಡ್ಡಿಯಿಲ್ಲ, ದಯವಿಟ್ಟು ಅದನ್ನು ಬಂದಂತೆಯೇ ಮುದ್ರಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಖಗೋಳ ಛಾಯಾಗ್ರಾಹಕ
ತುಮಕೂರು