ಡಿಮೀಟರ್ ಹೇಳಿದ ಸುಳ್ಳು ಹೆಸರು

ಪ್ರೀತಿಯ ತಂಗಿ,

ಗ್ರೀಕರ ಬೆಳೆಯ ದೇವತೆ ಡಿಮೀಟರ್ ಬಗ್ಗೆ ನೀನು ಬರೆದ ಪ್ರಬಂಧವನ್ನು ಎರಡು ಸಲ ಓದಿದೆ. ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಬಿಡು.

ನಾನು ನಿಂತದ್ದು ನಿನ್ನ ಮೊದಲ ಸಾಲಿನಲ್ಲೇ. ‘ಡಿಮೀಟರ್ ಅಂದರೆ ಭೂಮಿತಾಯಿ.’ ಯಾರು ಹೇಳಿದರು? ಕೊನೆಯ ‘ಮೀಟರ್’ ತಾಯಿ, ಸರಿ. ಸಂಸ್ಕೃತದ ‘ಮಾತೃ’ವಿನ ಒಡಹುಟ್ಟು ಅದು. ತಕರಾರು ಇರುವುದು ಮುಂದಿನ ‘ಡಿ’ಯಲ್ಲಿ. ಗ್ರೀಕಿನಲ್ಲಿ ಭೂಮಿಗೆ ‘ಗೇ’ ಅನ್ನುತ್ತಾರೆ. ಅದೇ ‘ಡಿ’ ಆಯಿತು ಅಂತ ಆ ಕಾಲದವರೇ ನಂಬಿದ್ದರು. ಆದರೆ ಗಕಾರ ಡಕಾರ ಆದದ್ದು ಹೇಗೆ ಅಂತ ಭಾಷೆ ಬಲ್ಲವರಿಗೆ ತೋರಿಸಲು ಆಗಿಲ್ಲ. ಕ್ರೀಟ್ ದ್ವೀಪದಲ್ಲಿ ಬಾರ್ಲಿಗೆ ಇದ್ದ ಪದ ಅಂದರು ಇನ್ನು ಕೆಲವರು. ಅದೂ ಗಟ್ಟಿಯಾಗಿ ನಿಲ್ಲಲಿಲ್ಲ. ಸೀಗೆ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲುವ ಮನೆಯವಳು ನೀನು, ಭೂಮಿತಾಯಿ ಸಲೀಸಾಗಿ ಬಾಯಿಗೆ ಬಂದಳು. ಅಷ್ಟೇ ಅಲ್ವಾ?

ಬೈಯುತ್ತಿದ್ದೇನೆ ಅನ್ನಬೇಡ. ಮೂವತ್ತರ ಹರೆಯದಲ್ಲಿ ಇದೇ ಸಾಲನ್ನು ನಾನೂ ಬರೆದಿದ್ದೆ. ಜನ ಮೆಚ್ಚಿದರು, ಶಾಲು ಹೊದಿಸಿದರು. ಒಬ್ಬ ಮೇಷ್ಟ್ರು ಮಾತ್ರ ಕಾರ್ಡಿನಲ್ಲಿ ‘ಇದಕ್ಕೆ ಆಧಾರ?’ ಅಂತ ಎರಡೇ ಪದ ಬರೆದು ಹಾಕಿದ್ದರು. ಸಿಟ್ಟು ಬಂದು ನಾನು ಉತ್ತರ ಕೊಡಲಿಲ್ಲ. ಲೇಖನ ಹಾಗೇ ಪುಸ್ತಕಕ್ಕೂ ಹೋಯಿತು. ನನಗೆ ಬುದ್ಧಿ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಗ್ರೀಕ್ ಕವಿ ಹೋಮರನ ಹೆಸರಿನಲ್ಲಿ ಉಳಿದಿರುವ ಡಿಮೀಟರ್ ಸ್ತುತಿಯಲ್ಲಿ 495 ಸಾಲುಗಳಿವೆ. ನೀನು ಡಿಮೀಟರಳ ಮಗಳನ್ನು ಎಳೆದೊಯ್ದ ಪಾತಾಳದ ದೊರೆ ಹೇಡೀಸನ ರಥ, ಅವನು ಅವಳಿಗೆ ತಿನ್ನಿಸಿದ ದಾಳಿಂಬೆ ಬೀಜ ಹಿಡಿದು ಹೊರಟೆ. ಎಲ್ಲರೂ ಅಲ್ಲೇ ಹೋಗುತ್ತಾರೆ. ಮಗಳಿಗಾಗಿ ಒಂಬತ್ತು ದಿನ ಪಂಜು ಹಿಡಿದು ಅಲೆದ ತಾಯಿ, ಕೊನೆಗೆ ಎಲ್ಯೂಸಿಸ್ ಊರ ಬಾವಿಯ ಹತ್ತಿರ ಮುದುಕಿಯ ವೇಷದಲ್ಲಿ ಕೂರುತ್ತಾಳೆ. ನೀರಿಗೆ ಬಂದ ನಾಲ್ಕು ಹುಡುಗಿಯರು ಯಾರಜ್ಜಿ ನೀನು ಅಂತ ಕೇಳುತ್ತಾರೆ. ಅವಳು ಸುಳ್ಳು ಹೇಳುತ್ತಾಳೆ. ಹೆಸರು ಡೋಸೋ ಅಂತೆ, ಕ್ರೀಟ್‌ನಿಂದ ಕಡಲ್ಗಳ್ಳರು ಎಳೆದು ತಂದರಂತೆ. ಆ ಹೆಸರಿನಲ್ಲಿ ‘ಕೊಡು’ ಅನ್ನುವ ಧ್ವನಿ ಇದೆ. ನಾನು ಹೇಳಿದೆ ಅಂತ ಸುಮ್ನೆ ಬರೆಯಬೇಡ, ನೋಡಿ ಬರೆ.

ಎಳೆದೊಯ್ದದ್ದು ಮಗಳನ್ನು. ತಾಯಿ ಅದನ್ನು ತನ್ನದೇ ಕಥೆ ಮಾಡಿ ಹೇಳುತ್ತಿದ್ದಾಳೆ. ಇದಕ್ಕೆ ನೀನು ಒಂದೂವರೆ ಸಾಲು ಕೊಟ್ಟಿದ್ದೀಯ!

ಬಾವಿಯಿಂದ ಶುರು ಮಾಡಿ ಮತ್ತೆ ಕಳಿಸು. ದೀಪಾವಳಿಗೆ ಮುಂಚೆ ಸಿಕ್ಕರೆ ಒಳ್ಳೆಯದು, ಆಮೇಲೆ ನನ್ನ ಕಣ್ಣಿನ ಆಪರೇಷನ್ ಇದೆ.

ನಿನ್ನ ಅಣ್ಣ