ಕ್ಯಾನ್ಸರ್ ಆಪರೇಷನ್ ನಂತರದ ಸೂಜಿ ನಡುವೆ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಗರ್ಭಕೋಶ, ಅಂಡಾಶಯ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆಯ ಊರುಗಳಿಗೆ ಮರಳುವ ಹಲವರ ಔಷಧಿ ಚೀಟಿಯಲ್ಲಿ ಎನಾಕ್ಸಪರಿನ್ ಎಂಬ ಇಂಜೆಕ್ಷನ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು ಅದು. ಹೊಲಿಗೆ ಬಿಚ್ಚಿ, ಊಟ ಸೇರತೊಡಗಿತೆಂದರೆ ಮನೆಯವರು ಅದನ್ನು ನಿಲ್ಲಿಸಿಬಿಡುತ್ತಾರೆ. ಆದರೆ ಅಪಾಯ ಆಗಿನ್ನೂ ಕಳೆದಿರುವುದಿಲ್ಲ. ಕ್ಯಾನ್ಸರ್ ಇದ್ದವರ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುತ್ತದೆ. ಜೊತೆಗೆ ಆಪರೇಷನ್ನಿನ ಪೆಟ್ಟು, ಹಾಸಿಗೆ ಹಿಡಿದ ದಿನಗಳು. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರ–ಹತ್ತು ದಿನಕ್ಕೆ ನಿಲ್ಲಿಸಿದವರಲ್ಲಿ ಶೇ 12 ಮಂದಿಗೆ ಹೆಪ್ಪು ಕಂಡಿತ್ತು. ನಾಲ್ಕು ವಾರ ಪಡೆದವರಲ್ಲಿ ಶೇ 4.8.

ಹೊಟ್ಟೆ, ಕಿಬ್ಬೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ದಿನಕ್ಕೊಂದರಂತೆ 28 ದಿನ, 40 ಮಿಲಿಗ್ರಾಂ. ಮೂತ್ರಪಿಂಡ ದುರ್ಬಲವಿದ್ದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ. ಏಪ್ರಿಲ್ 3ಕ್ಕೆ ಮೊದಲ ಸೂಜಿ ಬಿದ್ದು, 11ರ ಬೆಳಿಗ್ಗೆ ಡಿಸ್ಚಾರ್ಜ್ ಆದರೆ ಇನ್ನೂ 20 ಸೂಜಿ ಬಾಕಿ. ಕೊನೆಯದು ಏಪ್ರಿಲ್ 30ಕ್ಕೆ. ಆಯುಷ್ಮಾನ್ ಭಾರತ್ ಯೋಜನೆ ನೋಡಿಕೊಳ್ಳುವುದು ಡಿಸ್ಚಾರ್ಜ್ ನಂತರದ 15 ದಿನದ ಖರ್ಚನ್ನು. ಉಳಿದ ಐದು ಸೂಜಿಗೆ ಬಡವರು ಯಾರ ಬಾಗಿಲಿಗೆ ಹೋಗಬೇಕು? ಅವನ್ನು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳೇ ಉಚಿತವಾಗಿ ಕೊಡಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ದಿನಕ್ಕೊಂದು’ ಎಂದಷ್ಟೇ ಬರೆದರೆ ಸಾಲದು, ಕೊನೆಯ ಸೂಜಿಯ ತಾರೀಖೂ ಇರಲಿ.

ಸೂಜಿ ಹಾಕುವಾಗಿನ ತಪ್ಪುಗಳೂ ಕಡಿಮೆಯಲ್ಲ. ಊರಿನಲ್ಲಿ ಅಭ್ಯಾಸಬಲದಿಂದ ಸೊಂಟಕ್ಕೋ ತೋಳಿಗೋ ಚುಚ್ಚುತ್ತಾರೆ. ಈ ಮದ್ದು ಸ್ನಾಯುವಿಗೆ ಹೋಗಲೇಬಾರದು, ಒಳಗೇ ರಕ್ತ ಸುರಿದು ಗಡ್ಡೆಯಾಗುತ್ತದೆ. ಇದರ ಜಾಗ ಹೊಟ್ಟೆಯ ಪಕ್ಕದ ಚರ್ಮದಡಿಯ ಕೊಬ್ಬು: ಹೊಕ್ಕಳಿಂದ ಎರಡು ಇಂಚು ಆಚೆ, ಗಾಯದಿಂದ ದೂರ, ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ. ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಬೇಕು. ಮದ್ದು ಮುಗಿದು ಸೂಜಿ ಹೊರಬರುವವರೆಗೆ ಮಡಿಕೆ ಬಿಡಬಾರದು. 40 ಮಿಲಿಗ್ರಾಂ ತುಂಬಿಯೇ ಬರುವ ಸಿರಿಂಜಿನಲ್ಲಿ ಸಣ್ಣ ಗಾಳಿಗುಳ್ಳೆ ಇರುತ್ತದೆ. ಅದನ್ನು ಹೊರಹಾಕಲು ಹೋದರೆ ಜೊತೆಗೆ ಮದ್ದೂ ಚೆಲ್ಲುತ್ತದೆ. ಅದು ಇದ್ದಂತೆಯೇ ಇರಲಿ. ಚುಚ್ಚಿದ ಜಾಗವನ್ನು ತಿಕ್ಕಬೇಡಿ. ಅಲ್ಲಿ ಚಿಕ್ಕ ನೀಲಿ ಕಲೆ ಕಂಡರೆ ಗಾಬರಿಪಟ್ಟು ನಿಲ್ಲಿಸಬೇಕಿಲ್ಲ. ಒಂದು ದಿನ ತಪ್ಪಿತೆಂದು ಮರುದಿನ ಎರಡು ಹಾಕಲೇಬೇಡಿ.

ಮದ್ದನ್ನು 25 ಡಿಗ್ರಿಗಿಂತ ಕೆಳಗೆ ಇಡಬೇಕೆಂಬುದು ನಿಯಮ. ನಮ್ಮ ಬಿಸಿಲೋ 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಗೂಡಿನಲ್ಲಿ, ಬಸ್ಸಿನ ಕಿಟಕಿ ಪಕ್ಕದ ಚೀಲದಲ್ಲಿ ಇಟ್ಟರೆ ಕೆಡಬಹುದು. ಹಾಗಂತ ಫ್ರೀಜರಿಗೂ ಹಾಕುವಂತಿಲ್ಲ, ಹೆಪ್ಪುಗಟ್ಟಿದ ಸಿರಿಂಜು ಬಳಸುವಂತಿಲ್ಲ. ಮನೆ ಅಷ್ಟು ಕಾಯುತ್ತಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಟ್ಟು, ದಿನವೂ ಅಲ್ಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಮಲ ಕಪ್ಪಾದರೆ, ಗಾಯದಿಂದ ರಕ್ತ ಒಸರಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಒಂದೇ ಕಾಲು ಬಾತು, ಮೀನಖಂಡ ನೋಯತೊಡಗಿದರೆ ಮನೆಯವರು ಪ್ರೀತಿಯಿಂದಲೇ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ದಯವಿಟ್ಟು ಬೇಡ, ಹೆಪ್ಪು ಕಳಚಬಹುದು; ಅದೇ ದಿನ ಆಸ್ಪತ್ರೆಗೆ ಹೋಗಿ. ಏಕಾಏಕಿ ಏದುಸಿರು, ಉಸಿರೆಳೆದಾಗ ಎದೆನೋವು, ಕಫದಲ್ಲಿ ರಕ್ತ ಕಂಡರೆ 108ಕ್ಕೆ ಕರೆ ಮಾಡಿ. ಡಿಸ್ಚಾರ್ಜ್ ಕಾರ್ಡ್ ಕೈಯಲ್ಲಿರಲಿ. ಕೊನೆಯ ಸೂಜಿ ಎಷ್ಟು ಹೊತ್ತಿಗೆ ಹಾಕಿದ್ದೆಂದು ಅಲ್ಲಿನ ವೈದ್ಯರಿಗೆ ಮೊದಲು ಹೇಳಿ.

– ಶುಶ್ರೂಷಾಧಿಕಾರಿಗಳು, ರಾಯಚೂರು